ಹಳೆ ಕಾರಿನಲ್ಲಿ ಸಿಗುವ ತಪ್ಪು: ಕಾರ್ಖಾನೆಯದೋ, ಗ್ಯಾರೇಜಿನದೋ?

ದೇಶದಲ್ಲಿ ಈಗ ವರ್ಷ ವರ್ಷ ಷೋರೂಮಿನಿಂದ ಹೊರಬೀಳುವ ಹೊಸ ಕಾರುಗಳಿಗಿಂತ ಕೈ ಬದಲಾಯಿಸುವ ಹಳೆ ಕಾರುಗಳೇ ಹೆಚ್ಚು. ಕೊಳ್ಳುವವರು ಮೊದಲು ನೋಡುವುದು ಬಣ್ಣದ ಹೊಳಪು, ಓಡಿದ ಕಿಲೋಮೀಟರು, ಎ.ಸಿ.ಯ ತಂಪು. ಮಾರುವವರಿಗೂ ಇದು ಗೊತ್ತು. ಹಾಗಾಗಿ ಮಾರುವ ಮುನ್ನ ಅವರು ಖರ್ಚು ಮಾಡುವುದೂ ಈ ಮೂರರ ಮೇಲೆಯೇ. ಕಾರಿನ ನಿಜವಾದ ಸ್ಥಿತಿ ತಿಳಿಯುವುದು ಬಾನೆಟ್ಟಿನ ಹಿಂಜಿನ ಬೋಲ್ಟಿನಲ್ಲಿ, ಸ್ಟೆಪ್ನಿ ಗುಂಡಿಯ ತಳದಲ್ಲಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದಲ್ಲಿ. ಅಲ್ಲಿ ಕಾಣುವ ವಿಚಿತ್ರಗಳಿಗೆ ಮೂಲ ಎರಡು. ಕೆಲವು ಕಾರ್ಖಾನೆಯಲ್ಲೇ ಆದ ತಪ್ಪುಗಳು. ಉಳಿದವು ಆಮೇಲೆ ಯಾವುದೋ ಗ್ಯಾರೇಜಿನಲ್ಲಿ ಆದ ಕೆಟ್ಟ ರಿಪೇರಿಗಳು.

ಎರಡನ್ನೂ ಬಿಡಿಸಿ ನೋಡಬೇಕು, ಏಕೆಂದರೆ ಪರಿಹಾರದ ದಾರಿ ಬೇರೆ ಬೇರೆ. ಕಾರ್ಖಾನೆಯ ದೊಡ್ಡ ತಪ್ಪಿಗೆ ದಾಖಲೆ ಇರುತ್ತದೆ, ಕಾರು ಎಷ್ಟನೇ ಮಾಲೀಕರ ಕೈಲಿದ್ದರೂ ಕಂಪನಿ ಅದನ್ನು ಸಾಮಾನ್ಯವಾಗಿ ಪುಕ್ಕಟೆ ಸರಿಪಡಿಸಿಕೊಡುತ್ತದೆ. ಗ್ಯಾರೇಜಿನ ತಪ್ಪಿಗೆ ಕಾಗದಪತ್ರ ಇರುವುದಿಲ್ಲ. ಲೋಹ, ಬಣ್ಣ, ವೈರಿನ ಮೇಲೆ ಉಳಿದ ಗುರುತಿನಿಂದಲೇ ಅದನ್ನು ಓದಬೇಕು. ಖರ್ಚೂ ಕೊಂಡವರದ್ದೇ.

## ಕಾರ್ಖಾನೆಯಲ್ಲಿ ತಪ್ಪು ನುಸುಳುವುದು ಹೇಗೆ

ಕಾರು ತಯಾರಾಗುವುದು ನಾಲ್ಕು ಹಂತಗಳಲ್ಲಿ. ಮೊದಲು ತಗಡು ಒತ್ತುತ್ತಾರೆ. ಒತ್ತಿದ ತಗಡುಗಳನ್ನು ವೆಲ್ಡ್ ಮಾಡಿ ಬಾಡಿ ಕಟ್ಟುತ್ತಾರೆ. ಬಣ್ಣ ಹೊಡೆಯುತ್ತಾರೆ. ಕೊನೆಗೆ ಇಂಜಿನ್ನು, ವೈರಿಂಗು, ಸೀಟು, ಗಾಜು ಎಲ್ಲ ಜೋಡಿಸುತ್ತಾರೆ. ಜೋಡಣೆಯ ಸಾಲಿನಲ್ಲಿ ಒಂದು ಕೆಲಸಕ್ಕೆ ಸಿಗುವ ಸಮಯ ಒಂದೆರಡು ನಿಮಿಷ ಅಷ್ಟೇ. ಮುಖ್ಯವಾದ ಬೋಲ್ಟುಗಳನ್ನು ಬಿಗಿಯುವ ಉಪಕರಣ ಎಷ್ಟು ಬಿಗಿಯಾಯಿತೆಂದು ತಾನೇ ಅಳೆದು ದಾಖಲಿಸುತ್ತದೆ. ಹೀಗಾಗಿ ಸಡಿಲ ಬೋಲ್ಟಿಗಿಂತ, ಯಾವ ಯಂತ್ರವೂ ಅಳೆಯದ ತಪ್ಪುಗಳೇ ಹೆಚ್ಚಾಗಿ ದಾಟಿ ಬರುತ್ತವೆ. ಎಡ ಬಾಗಿಲ ಪ್ಯಾಡಿನ ಬಣ್ಣ ಬಲದ್ದಕ್ಕೆ ಹೊಂದದಿರುವುದು, ಕೆಳಗಿನ ವೇರಿಯಂಟಿಗೆ ಮೇಲಿನದರ ಬ್ಯಾಡ್ಜು ಬಿದ್ದಿರುವುದು, ಬಾಗಿಲೊಳಗೆ ಒಂದು ನಟ್ಟು ಉಳಿದು ತಿರುವಿನಲ್ಲೆಲ್ಲ ಸದ್ದು ಮಾಡುವುದು, ಬಾಗಿಲ ಒಳಗಿನ ಪ್ಲಾಸ್ಟಿಕ್ ಹಾಳೆಯ ಅಂಟು ಒಂದು ಮೂಲೆಯಲ್ಲಿ ಬಿಟ್ಟು ಮಳೆನೀರು ಕಾರ್ಪೆಟ್ಟಿಗೆ ಇಳಿಯುವುದು ಈ ಜಾತಿಯವು.

ದೊಡ್ಡ ತಪ್ಪುಗಳೂ ದಾಟಿವೆ. 2012ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಶೆವ್ರೊಲೆ ಸೋನಿಕ್ ಕಾರುಗಳನ್ನು ವಾಪಸ್ ಕರೆಸಿತು. ಕೆಲವು ಕಾರುಗಳ ಮುಂದಿನ ಬ್ರೇಕಿನಲ್ಲಿ ಒಂದು ಪ್ಯಾಡನ್ನೇ ಹಾಕಿರದ ಸಾಧ್ಯತೆ ಇತ್ತು. 2018ರಲ್ಲಿ ಸುಬಾರು ಕಂಪನಿಯ ಇಂಡಿಯಾನಾ ಕಾರ್ಖಾನೆಯಲ್ಲಿ ರೋಬೋಟಿಗೆ ಕೊಟ್ಟ ಆದೇಶ ತಪ್ಪಾಗಿ 293 ಅಸೆಂಟ್ ಕಾರುಗಳಿಗೆ ಎರಡು ಬಾಗಿಲುಗಳ ಮಧ್ಯದ ಕಂಬದ ಬಳಿ ತಗಡುಗಳನ್ನು ಬೆಸೆಯುವ ಕೆಲವು ಚುಕ್ಕಿಗಳೇ, ಅಂದರೆ ಸ್ಪಾಟ್ ವೆಲ್ಡ್‌ಗಳೇ, ಬಿದ್ದಿರಲಿಲ್ಲ. ಒಳಗಿನ ಪದರದ ವೆಲ್ಡ್ ಆದ್ದರಿಂದ ರಿಪೇರಿಗೆ ದಾರಿಯಿರಲಿಲ್ಲ. ಕಂಪನಿ ಆ ಕಾರುಗಳನ್ನೇ ಬದಲಿಸಿಕೊಡಬೇಕಾಯಿತು.

ಇವೆರಡಕ್ಕಿಂತ ಹೆಚ್ಚು ಕಲಿಸುವುದು 2011ರ ಶೆವ್ರೊಲೆ ಕ್ರೂಜ್ ಪ್ರಕರಣ. ಅಮೆರಿಕದಲ್ಲಿ ಒಂದು ಕಾರಿನ ಸ್ಟೀರಿಂಗ್ ಚಕ್ರ ಓಡುತ್ತಿದ್ದಾಗಲೇ ಕೈಗೆ ಬಂತು. ಆ ಕಾರಿಗೆ ಮೊದಲು ಬೇರೆ ಮಾದರಿಯ ಸ್ಟೀರಿಂಗ್ ಹಾಕಿಬಿಟ್ಟಿದ್ದರು. ತಪ್ಪು ಗೊತ್ತಾಗಿ ಕಾರ್ಖಾನೆಯೊಳಗೇ ಅದನ್ನು ಬದಲಿಸಿದರು, ಆದರೆ ಬದಲಿಸಿದ್ದನ್ನು ಸರಿಯಾಗಿ ಕೂರಿಸಲಿಲ್ಲ. ಸಾಲಿನ ಮೇಲೆ ನಡೆಯುವ ಕೆಲಸಕ್ಕೆ ಹತ್ತು ತಪಾಸಣೆ ಇರುತ್ತದೆ. ಸಾಲಿನ ಹೊರಗೆ ಕೈಯಿಂದ ಮಾಡುವ ತಿದ್ದುಪಡಿಗೆ ಅಷ್ಟು ಇರುವುದಿಲ್ಲ. ಕಾರ್ಖಾನೆಯೊಳಗೂ ಹೆಚ್ಚು ಅಪಾಯ ರಿಪೇರಿಯಲ್ಲೇ ಇದೆ ಎಂಬುದು ಇಲ್ಲಿ ಕಾಣುತ್ತದೆ.

ಕಾರ್ಖಾನೆಯ ತಪ್ಪು ಒಂಟಿಯಾಗಿ ಬರುವುದು ಅಪರೂಪ. ಕಾವಲಿ ಅತಿಯಾಗಿ ಕಾದಿದ್ದರೆ ಆ ಹೊತ್ತಿನಲ್ಲಿ ಹುಯ್ದ ದೋಸೆಗಳೆಲ್ಲ ಸೀಯುತ್ತವೆ, ಉರಿ ತಗ್ಗಿಸಿದ ಮೇಲೆ ಹುಯ್ದವು ಸರಿಯಾಗಿ ಬರುತ್ತವೆ. ಹಾಗೆಯೇ ಯಂತ್ರದ ಹೊಂದಾಣಿಕೆ ತಪ್ಪಿದ ದಿನದಿಂದ ಅದು ಗೊತ್ತಾಗುವ ದಿನದವರೆಗಿನ ಕಾರುಗಳೆಲ್ಲಕ್ಕೂ ಒಂದೇ ದೋಷ ಅಂಟುತ್ತದೆ. ಮಾರುತಿ ಸುಜುಕಿ 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕ ಬದಲಿಸಲು ವಾಪಸ್ ಕರೆದ 17,362 ಕಾರುಗಳು ತಯಾರಾದದ್ದು 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರ ನಡುವೆ. ಅದೇ ವರ್ಷ ಜುಲೈನಲ್ಲಿ ಸ್ಟೀರಿಂಗ್ ಟೈ ರಾಡ್‌ಗಾಗಿ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಕರೆದ 87,599 ಎಸ್-ಪ್ರೆಸ್ಸೊ ಮತ್ತು ಈಕೊ ವಾಹನಗಳಿಗೂ ಹೀಗೇ ದಿನಾಂಕದ ಗಡಿ ಇತ್ತು: 2021ರ ಜುಲೈ 5ರಿಂದ 2023ರ ಫೆಬ್ರುವರಿ 15.

ಯಾರ ತಪ್ಪೂ ಅಲ್ಲದ ವಿಚಿತ್ರಗಳೂ ಇವೆ. ಪೆಟ್ರೋಲ್ ಆವಿ ಹೊರಹೋಗುವ ಸಣ್ಣ ಕೊಳವೆಯಲ್ಲಿ ಜೇಡ ಬಲೆ ಕಟ್ಟಿ, ಟ್ಯಾಂಕಿನೊಳಗೆ ಒತ್ತಡ ಏರುಪೇರಾಗಿ ಟ್ಯಾಂಕ್ ಬಿರಿಯಬಹುದೆಂದು 2011ರಲ್ಲಿ ಮಾಜ್ಡಾ ಕಂಪನಿ ಉತ್ತರ ಅಮೆರಿಕದಲ್ಲಿ ತನ್ನ ಮಾಜ್ಡಾ 6 ಕಾರುಗಳನ್ನು ವಾಪಸ್ ಕರೆಸಿತ್ತು.

## ಚಾಸಿ ನಂಬರಿನಿಂದ ಶುರು ಮಾಡಿ

ಕಾರನ್ನು ಮುಟ್ಟುವ ಮೊದಲು ಚಾಸಿ ನಂಬರು ಓದಬೇಕು. ಅದರಲ್ಲಿ ಅಕ್ಷರ ಮತ್ತು ಅಂಕೆ ಸೇರಿ 17 ಇರುತ್ತವೆ. ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ, ಏಕೆಂದರೆ ಅವು 1 ಮತ್ತು 0 ಆಗಿ ಕಾಣಬಹುದು. ಮೊದಲ ಮೂರು ತಯಾರಕರ ಗುರುತು. ಎಂ-ಎ-3 ಇದ್ದರೆ ಮಾರುತಿ, ಎಂ-ಎ-ಎಲ್ ಹ್ಯುಂಡೈ, ಎಂ-ಎ-ಟಿ ಟಾಟಾ, ಎಂ-ಬಿ-ಜೆ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್. ಹಲವು ಕಂಪನಿಗಳು ಹತ್ತನೆಯ ಅಕ್ಷರವನ್ನು ವರ್ಷಕ್ಕೆ ಬಳಸುತ್ತವೆ: ಜೆ ಅಂದರೆ 2018, ಕೆ 2019, ಎಲ್ 2020, ಎಂ 2021, ಎನ್ 2022. ಎಲ್ಲ ಭಾರತೀಯ ತಯಾರಕರೂ ಇದೇ ಸ್ಥಾನ ಬಳಸುವುದಿಲ್ಲವಾದ್ದರಿಂದ ಆಯಾ ಕಂಪನಿಯ ಕ್ರಮವನ್ನು ನೋಡಿಕೊಳ್ಳಬೇಕು.

ಈ ನಂಬರು ಆರ್.ಸಿ.ಯಲ್ಲಿ, ತಯಾರಕರ ಫಲಕದ ಮೇಲೆ, ಬಾಡಿಯ ತಗಡಿನಲ್ಲಿ ಒತ್ತಿದ ಜಾಗದಲ್ಲಿ ಒಂದೇ ಇರಬೇಕು. ತಗಡಿನಲ್ಲಿ ಒತ್ತಿದ ಅಂಕೆಗಳು ಒಂದೇ ಆಳ, ಒಂದೇ ಸಾಲಿನಲ್ಲಿರುತ್ತವೆ. ಸುತ್ತ ಒಂದು ಚೌಕದಷ್ಟು ಜಾಗದಲ್ಲಿ ಬಣ್ಣದ ಮೈ ಬೇರೆಯಾಗಿದ್ದರೆ, ಅಥವಾ ಅಂಚಿನಲ್ಲಿ ವೆಲ್ಡ್ ತಿಕ್ಕಿದ ಗೆರೆ ಕಂಡರೆ, ಬೇರೆ ಕಾರಿನ ನಂಬರಿನ ತುಂಡು ತಂದು ಕೂರಿಸಿರಬಹುದು. ಬೆಲೆ ಎಷ್ಟೇ ಕಡಿಮೆ ಇರಲಿ, ಆ ಕಾರನ್ನು ಅಲ್ಲಿಗೇ ಬಿಟ್ಟು ಬನ್ನಿ.

ನಂಬರು ಸರಿಯಿದ್ದರೆ ಅದನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ದೋಷವಿರುವ ಕಾರುಗಳನ್ನು ಕಂಪನಿ ವಾಪಸ್ ಕರೆದು ಸರಿಪಡಿಸುವುದಕ್ಕೆ ರೀಕಾಲ್ ಎನ್ನುತ್ತಾರೆ. ಭಾರತದಲ್ಲಿ 2012ರಿಂದ ಇದು ತಯಾರಕರು ತಾವಾಗಿ ಒಪ್ಪಿಕೊಂಡ ಕ್ರಮವಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ 110ಎ ಕಲಮನ್ನು ಸೇರಿಸಿತು, ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷದೊಳಗಿನ ವಾಹನಗಳಿಗೆ ಸರ್ಕಾರವೇ ರೀಕಾಲ್ ಆದೇಶಿಸಬಹುದು, ದಂಡ ಒಂದು ಕೋಟಿ ರೂಪಾಯಿವರೆಗೂ ಹೋಗಬಹುದು. ಕಾರು ಕೈ ಬದಲಾಯಿಸಿದಾಗ ಕಂಪನಿಯ ಪತ್ರ, ಮೆಸೇಜು ಎಲ್ಲ ಹಳೆ ಮಾಲೀಕರಿಗೇ ಹೋಗುತ್ತವೆ. ಎಷ್ಟೋ ಹಳೆ ಕಾರುಗಳಲ್ಲಿ ರೀಕಾಲ್ ಕೆಲಸ ಬಾಕಿ ಉಳಿಯುವುದು ಇದೇ ಕಾರಣಕ್ಕೆ.

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿ ಬಳಸಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಶೆಕೆ ಮತ್ತು ತೇವಕ್ಕೆ ಸಿಕ್ಕಿ ಕೆಟ್ಟು, ಅಪಘಾತದಲ್ಲಿ ಅತಿ ವೇಗವಾಗಿ ಉರಿದು, ಲೋಹದ ಡಬ್ಬಿಯನ್ನೇ ಚೂರುಚೂರಾಗಿ ಸಿಡಿಸುತ್ತಿತ್ತು. ಭಾರತದಲ್ಲಿ ಹೋಂಡಾ, ಟೊಯೋಟಾ ಮುಂತಾದವು ಇದಕ್ಕಾಗಿ ಕಾರುಗಳನ್ನು ಕರೆಸಿಕೊಂಡಿವೆ. ಮಂಗಳೂರು, ಕಾರವಾರದಂಥ ಕಡೆ ವರ್ಷಗಟ್ಟಲೆ ಓಡಿದ ಕಾರಿಗೆ ಈ ದೋಷ ಹೆಚ್ಚು ಅಪಾಯಕಾರಿ.

ಬಿಡಿಭಾಗದ ನಂಬರನ್ನೂ ಪೂರ್ತಿ ನಂಬುವಂತಿಲ್ಲ. ಜನರಲ್ ಮೋಟಾರ್ಸ್‌ನ ಇಗ್ನಿಷನ್ ಸ್ವಿಚ್ಚಿನ ಸ್ಪ್ರಿಂಗ್ ದುರ್ಬಲವಾಗಿತ್ತು. ಬೀಗದ ಕೈ ಗೊಂಚಲಿನ ಭಾರಕ್ಕೇ ಕೀ ತಿರುಗಿ ಇಂಜಿನ್ ಆರುತ್ತಿತ್ತು, ಏರ್‌ಬ್ಯಾಗೂ ಕೆಲಸ ನಿಲ್ಲಿಸುತ್ತಿತ್ತು. ಅದನ್ನು ಸರಿಪಡಿಸಿದ ಹೊಸ ಸ್ವಿಚ್ಚಿಗೂ ಹಳೆಯ ಪಾರ್ಟ್ ನಂಬರನ್ನೇ ಉಳಿಸಿದ್ದರಿಂದ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ವರ್ಷಗಟ್ಟಲೆ ಗೊತ್ತಾಗಲಿಲ್ಲ. 2014ರಲ್ಲಿ 26 ಲಕ್ಷ ಕಾರುಗಳನ್ನು ಕರೆಸಬೇಕಾಯಿತು. ಈ ದೋಷದಿಂದ 124 ಸಾವುಗಳಾಗಿವೆ ಎಂದು ಪರಿಹಾರ ನಿಧಿ ಒಪ್ಪಿತು.

## ಬಣ್ಣದ ದಪ್ಪ ಏನು ಹೇಳುತ್ತದೆ

ಕಾರ್ಖಾನೆಯ ಬಣ್ಣ ಹಲವು ತೆಳು ಪದರಗಳಿಂದಾದದ್ದು. ತಳದಲ್ಲಿ ಬಾಡಿಯನ್ನೇ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಹಿಡಿಸಿದ ತುಕ್ಕು ನಿರೋಧಕ ಪದರ, ಸುಮಾರು 20 ಮೈಕ್ರಾನ್. ಅದರ ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕ ಲೇಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಒಟ್ಟು ದಪ್ಪ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ ಇರುತ್ತದೆ. ಬಾಗಿಲು ತೆರೆದರೆ ಕಾಣುವ ಕಂಬಗಳ ಒಳಮೈಯಲ್ಲಿ ಇನ್ನೂ ಕಡಿಮೆ.

ದಪ್ಪ ಅಳೆಯುವ ಮೀಟರನ್ನು ಮೊದಲು ಮೇಲ್ಛಾವಣಿಯ ಮೇಲೆ ಇಡಿ. ಛಾವಣಿಗೆ ಪೆಟ್ಟು ಬೀಳುವುದು ಕಡಿಮೆ, ಹಾಗಾಗಿ ಅಲ್ಲಿ ಬಂದ ಅಂಕಿಯೇ ಆ ಕಾರಿನ ಮೂಲ ಅಳತೆ. ಆಮೇಲೆ ಪ್ರತಿ ಬಾಗಿಲು, ಫೆಂಡರು (ಮುಂದಿನ ಚಕ್ರದ ಮೇಲಿನ ಹೊರ ತಗಡು), ಬಾನೆಟ್ಟಿನ ಐದಾರು ಕಡೆ ನೋಡಬೇಕು. 180ರಿಂದ 300 ಬಂದರೆ ಮತ್ತೊಮ್ಮೆ ಬಣ್ಣ ಹೊಡೆದಿದ್ದಾರೆ. 500 ದಾಟಿ ಸಾವಿರದತ್ತ ಹೋದರೆ ಅಡಿಯಲ್ಲಿ ಪುಟ್ಟಿ ಇದೆ. ಛಾವಣಿಯೇ 300 ತೋರಿಸಿದರೆ ಕಾರು ಪಲ್ಟಿ ಹೊಡೆದಿರಬಹುದು, ಮೇಲೆ ಮರ ಬಿದ್ದಿರಬಹುದು. ಸಾದಾ ಮೀಟರು ಕಬ್ಬಿಣದ ತಗಡನ್ನು ಮಾತ್ರ ಓದುತ್ತದೆ. ಕೆಲವು ಕಾರುಗಳ ಬಾನೆಟ್ಟು ಅಲ್ಯೂಮಿನಿಯಂನದು, ಅದಕ್ಕೆ ಎರಡೂ ಲೋಹ ಓದುವ ಮೀಟರು ಬೇಕು. ಬಂಪರು ಪ್ಲಾಸ್ಟಿಕ್ಕಿನದು, ಅಲ್ಲಿ ಅಂಕಿಯೇ ಬರುವುದಿಲ್ಲ.

ಒಂದೇ ಪ್ಯಾನಲ್ಲಿನಲ್ಲಿ ಎಲ್ಲ ಕಡೆ ಸಮನಾಗಿ 200ರ ಆಸುಪಾಸು ಬಂದರೆ ಗಾಬರಿಯಾಗಬೇಕಿಲ್ಲ. ಕಾರ್ಖಾನೆಯ ಕೊನೆಯ ತಪಾಸಣೆಯಲ್ಲಿ ಕಲೆ ಕಂಡ ಪ್ಯಾನಲ್ಲಿಗೆ ಅಲ್ಲೇ ಎರಡನೇ ಸಲ ಬಣ್ಣ ಹೊಡೆಯುವುದುಂಟು. ಟ್ರಕ್ಕಿನಲ್ಲಿ ಬರುವಾಗ ಗೀಚಿದ ಹೊಸ ಕಾರಿಗೆ ಡೀಲರ ಯಾರ್ಡಿನಲ್ಲೂ ಹೊಡೆಯುತ್ತಾರೆ. ಅಂಕಿ ಸಮನಾಗಿರುವುದೇ ಅಡಿಯ ತಗಡು ನೆಟ್ಟಗಿದೆ ಎಂಬುದಕ್ಕೆ ಸಾಕ್ಷಿ. ಒಂದು ಕಡೆ 220, ಗೇಣು ದೂರದಲ್ಲಿ 900 ಎಂದರೆ ತಗ್ಗು ತುಂಬಿಸಿದ್ದಾರೆ ಎಂದೇ ಅರ್ಥ. ಎರಡು ಮಿಲಿಮೀಟರಿಗಿಂತ ದಪ್ಪದ ಪುಟ್ಟಿ ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟು ಒಳಗೆ ನೀರು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ತುಕ್ಕು ತಿಂದ ತೂತಿಗೆ ಕಾಗದ, ಫೋಮು ಅಥವಾ ತಂತಿ ಬಲೆ ತುರುಕಿ ಅದರ ಮೇಲೆ ಪುಟ್ಟಿ ಎಳೆಯುವುದು. ಬಾಗಿಲ ಕೆಳಗಿನ ಹೊಸ್ತಿಲು ಪಟ್ಟಿಯಲ್ಲಿ ಇದು ಹೆಚ್ಚು. ಮೀಟರು ಇಲ್ಲದಿದ್ದರೆ ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವಾದರೂ ಸಾಕು, ದಪ್ಪ ಪುಟ್ಟಿಯ ಮೇಲೆ ಅದು ನಿಲ್ಲುವುದಿಲ್ಲ.

## ಬೋಲ್ಟು, ವೆಲ್ಡು, ಗಾಜು

ಬಾನೆಟ್ಟು, ಫೆಂಡರು, ಬಾಗಿಲು, ಡಿಕ್ಕಿ, ಬಂಪರು ಎಲ್ಲ ಬೋಲ್ಟು ಹಾಕಿ ಕೂರಿಸುವ ಭಾಗಗಳು. ಇವನ್ನು ಬದಲಿಸಿದ್ದರೂ ಕಾರು ಕೆಟ್ಟಿತೆಂದಲ್ಲ. ಕಂಬ, ಛಾವಣಿ, ಆಪ್ರನ್ (ಬಾನೆಟ್ಟಿನೊಳಗೆ ಚಕ್ರದ ಪಕ್ಕದ ತಗಡು), ಚಾಸಿ ಲೆಗ್ ಇವು ವೆಲ್ಡ್ ಮಾಡಿದವು. ಇವುಗಳಿಗೆ ಕೈಹಾಕಿದ್ದರೆ ಪೆಟ್ಟು ದೊಡ್ಡದು.

ಬಾನೆಟ್ಟು ಮತ್ತು ಫೆಂಡರನ್ನು ಕಾರ್ಖಾನೆಯಲ್ಲಿ ಬಣ್ಣಕ್ಕೆ ಮುಂಚೆಯೇ ಕೂರಿಸುವುದು ವಾಡಿಕೆ. ಆದ್ದರಿಂದ ಬೋಲ್ಟಿನ ತಲೆಯ ಮೇಲೂ ಬಾಡಿಯ ಬಣ್ಣವೇ ಇರುತ್ತದೆ. ಮೂಲೆಗಳಲ್ಲಿ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ. ಬಾಗಿಲ ಲೆಕ್ಕ ಬೇರೆ. ಬಹಳಷ್ಟು ಕಾರ್ಖಾನೆಗಳಲ್ಲಿ ಬಣ್ಣವಾದ ಮೇಲೆ, ಸೀಟು ಡ್ಯಾಷ್‌ಬೋರ್ಡು ಒಳಗಿಡಲು ಅನುಕೂಲವಾಗಲೆಂದು, ಬಾಗಿಲುಗಳನ್ನು ಬಿಚ್ಚಿ ಕೊನೆಗೆ ಮತ್ತೆ ಹಾಕುತ್ತಾರೆ. ನಾಲ್ಕೂ ಬಾಗಿಲಲ್ಲಿ ಒಂದೇ ಬೋಲ್ಟಿನ ಮೇಲೆ ಒಂದೇ ಬಗೆಯ ಗುರುತಿದ್ದರೆ ಅದು ಕಾರ್ಖಾನೆಯ ಕೆಲಸ. ಒಂದು ಬಾಗಿಲಲ್ಲಿ ಮಾತ್ರ ಬೇರೆಯಾಗಿದ್ದರೆ ಕೇಳಿ ತಿಳಿಯಬೇಕು.

ಸ್ಪಾಟ್ ವೆಲ್ಡ್ ಎಂದರೆ ಎರಡು ತಗಡುಗಳನ್ನು ಎರಡು ಕಡ್ಡಿಗಳ ನಡುವೆ ಒತ್ತಿ ಕರೆಂಟು ಹಾಯಿಸಿ ಬೆಸೆದ ಚುಕ್ಕಿ. ಐದಾರು ಮಿಲಿಮೀಟರ್ ಅಗಲದ ದುಂಡನೆಯ ತಗ್ಗುಗಳು ಸಮ ಅಂತರದಲ್ಲಿ ಸಾಲಾಗಿ ಕಾಣುತ್ತವೆ. ಬಾಗಿಲ ರಬ್ಬರ್ ಬೀಡಿಂಗನ್ನು ಒಂದಿಷ್ಟು ಎಳೆದರೆ ಕಂಬದ ಅಂಚಿನಲ್ಲಿ ಇವು ಸಿಗುತ್ತವೆ. ಒಂದು ಕಡೆ ಸಾಲಾಗಿದ್ದು, ಎದುರು ಬದಿಯಲ್ಲಿ ಮೈ ನುಣ್ಣಗಿದ್ದರೆ ಅಥವಾ ಗ್ರೈಂಡರಿನಿಂದ ತಿಕ್ಕಿದ ಗೀರುಗಳಿದ್ದರೆ, ಆ ಭಾಗ ಕತ್ತರಿಸಿ ಹೊಸದು ಬೆಸೆದಿದ್ದಾರೆ. ಎಡ ಬಲ ಹೋಲಿಸಿ ನೋಡುವುದೇ ಇಲ್ಲಿ ಇಡೀ ವಿದ್ಯೆ. ತಗಡಿನ ಸಂದಿ ಮುಚ್ಚುವ ಸೀಲರ್ ಅಂಟಿನ ಗೆರೆಯೂ ಹಾಗೆಯೇ: ಕಾರ್ಖಾನೆಯದು ಎರಡೂ ಬದಿ ಒಂದೇ ಥರ, ಗ್ಯಾರೇಜಿನದು ಬೆರಳಲ್ಲಿ ಸವರಿದ್ದು.

ಚಾಸಿ ಲೆಗ್ ಅಂದರೆ ಇಂಜಿನ್ನಿನ ಎರಡು ಪಕ್ಕ ಮುಂದಕ್ಕೆ ಚಾಚಿದ ಪೆಟ್ಟಿಗೆಯಾಕಾರದ ತೊಲೆಗಳು. ಎದುರಿನಿಂದ ಗುದ್ದಿದಾಗ ಇವು ನಿಗದಿತ ಜಾಗದಲ್ಲೇ ಮಡಚಬೇಕು, ಮಡಚುತ್ತಾ ಹೊಡೆತವನ್ನು ಹೀರಿಕೊಳ್ಳಬೇಕು. ಒಮ್ಮೆ ಮಡಚಿದ್ದನ್ನು ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡಿದರೆ ಉಕ್ಕಿನ ಹದ ಹೋಗುತ್ತದೆ. ಭದ್ರವಾಗಲಿ ಎಂದು ಮೇಲೊಂದು ದಪ್ಪ ಪಟ್ಟಿ ಬೆಸೆದರೆ ಅದು ಮಡಚುವುದೇ ಇಲ್ಲ, ಹೊಡೆತ ನೇರ ಕೂತವರ ಕಡೆಗೆ ಹೋಗುತ್ತದೆ. ಏರ್‌ಬ್ಯಾಗು ಯಾವ ಕ್ಷಣದಲ್ಲಿ ಬಿಚ್ಚಬೇಕೆಂಬ ಲೆಕ್ಕವೂ ತಪ್ಪುತ್ತದೆ.

ಪ್ರತಿ ಗಾಜಿನ ಮೂಲೆಯಲ್ಲಿ ತಯಾರಕರ ಮುದ್ರೆಯೂ ವರ್ಷದ ಸೂಚನೆಯೂ ಇರುತ್ತವೆ. ಮುಂದಿನ ಗಾಜು ಬದಲಾಗಿದ್ದರೆ ವಿಶೇಷವಿಲ್ಲ, ಹೆದ್ದಾರಿಯಲ್ಲಿ ಒಂದು ಕಲ್ಲು ಸಾಕು. ಹಿಂದಿನ ಪಕ್ಕದ ಸಣ್ಣ ಗಾಜು ಬೇರೆ ವರ್ಷದ್ದಾಗಿದ್ದರೆ ಆ ಬದಿಗೆ ಏನಾಯಿತೆಂದು ಕೇಳಬೇಕು. ಜನವರಿಯಲ್ಲಿ ತಯಾರಾದ ಕಾರಿಗೆ ಹಿಂದಿನ ವರ್ಷದ ಗಾಜು ಇರುವುದು ಸಹಜ.

## ಏರ್‌ಬ್ಯಾಗ್ ದೀಪದ ಮೋಸ

ಕೆಟ್ಟ ರಿಪೇರಿಗಳಲ್ಲಿ ಅತಿ ಕ್ರೂರವಾದದ್ದು ಇದು. ಭಾರತದಲ್ಲಿ 2019ರ ಜುಲೈ 1ರಿಂದ ಚಾಲಕರ ಏರ್‌ಬ್ಯಾಗ್ ಕಡ್ಡಾಯ. ಒಮ್ಮೆ ಬಿಚ್ಚಿದರೆ ಬ್ಯಾಗು, ನಿಯಂತ್ರಕ, ಬೆಲ್ಟ್‌ಗಳು ಎಲ್ಲ ಸೇರಿ ಖರ್ಚು ದೊಡ್ಡದು. ಅದನ್ನು ಉಳಿಸಲು ಬ್ಯಾಗಿನ ಜಾಗದಲ್ಲಿ ಎರಡು ಮೂರು ಓಮಿನ ಪುಟ್ಟ ರೆಸಿಸ್ಟರ್ ಹಾಕುತ್ತಾರೆ. ಬ್ಯಾಗಿನ ಕಿಡಿ ಹೊತ್ತಿಸುವ ತಂತಿಯ ರೋಧ ಇಷ್ಟೇ ಆದ್ದರಿಂದ, ಬ್ಯಾಗು ಇದೆ ಎಂದೇ ನಿಯಂತ್ರಕ ತಿಳಿಯುತ್ತದೆ. ಡ್ಯಾಷ್‌ಬೋರ್ಡಿನ ಮುಚ್ಚಳ ಮಾತ್ರ ಹೊಸದು, ಹಿಂದೆ ಖಾಲಿ.

ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಬೇಕು, ಕೆಲವು ಸೆಕೆಂಡಿನಲ್ಲಿ ತಾನೇ ಆರಬೇಕು. ಹೊತ್ತಲೇ ಇಲ್ಲವೆಂದರೆ ದೀಪ ಕಿತ್ತಿದ್ದಾರೆ ಅಥವಾ ಮುಚ್ಚಿದ್ದಾರೆ. ಇಂಜಿನ್ ಶುರುವಾದ ಕ್ಷಣಕ್ಕೆ ಸರಿಯಾಗಿ ಆಯಿಲ್ ದೀಪದ ಜೊತೆಯಲ್ಲೇ ಆರಿದರೆ ಅದನ್ನು ಆ ವೈರಿಗೆ ಜೋಡಿಸಿರಬಹುದು. ರೆಸಿಸ್ಟರ್ ಹಾಕಿದ್ದರೆ ದೀಪದ ನಡವಳಿಕೆ ಸರಿಯಾಗಿಯೇ ಇರುತ್ತದೆ, ಆಗ ಉಳಿದ ಗುರುತು ನೋಡಬೇಕು: ಸ್ಟೀರಿಂಗಿನ ಮಧ್ಯದ ಮುಚ್ಚಳದ ಬಣ್ಣ, ಮೈಗೆರೆ ಸುತ್ತಲಿನದಕ್ಕೆ ಹೊಂದುತ್ತದೆಯೇ, ಎಡಗಡೆಯ ಡ್ಯಾಷ್‌ಬೋರ್ಡಿನಲ್ಲಿ ಕತ್ತರಿಸಿ ಅಂಟಿಸಿದ ಗೆರೆ ಇದೆಯೇ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಬುಡದ ಚೀಟಿಯಲ್ಲಿ ತಯಾರಿಕೆಯ ತಿಂಗಳು ಇರುತ್ತದೆ. ಕಾರಿನದಕ್ಕಿಂತ ಎರಡು ವರ್ಷ ಹೊಸದಾದರೆ ಆ ಬೆಲ್ಟು ಯಾಕೆ ಬದಲಾಯಿತೆಂಬ ಪ್ರಶ್ನೆಗೆ ಉತ್ತರ ಬೇಕು. ಸಂಶಯ ಉಳಿದರೆ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಮುಚ್ಚಳ ಬಿಚ್ಚಿಸಿ ನೋಡಿಸಿ, ಸ್ವಂತ ಬಿಚ್ಚಬೇಡಿ. ಒಳಗೆ ಸ್ಫೋಟಕ ಇರುತ್ತದೆ.

## ಬ್ರೇಕು ಮತ್ತು ಚಕ್ರ

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಬ್ರೇಕ್ ಕ್ಯಾಲಿಪರಿನಲ್ಲಿ ಗಾಳಿ ತೆಗೆಯುವ ನಿಪ್ಪಲ್ಲು ಮೇಲ್ಗಡೆ ಇರಬೇಕು, ಏಕೆಂದರೆ ದ್ರವದಲ್ಲಿ ಗಾಳಿ ಮೇಲಕ್ಕೇ ಏರುತ್ತದೆ. ಎಡ ಬಲದ ಕ್ಯಾಲಿಪರ್ ಅದಲು ಬದಲಾಗಿ ಕೂತಿದ್ದರೆ ನಿಪ್ಪಲ್ಲು ಕೆಳಗೆ ಬರುತ್ತದೆ. ಎಷ್ಟು ಸಲ ಬ್ಲೀಡ್ ಮಾಡಿದರೂ (ದ್ರವ ಹರಿಸಿ ಗಾಳಿ ತೆಗೆದರೂ) ಮೇಲಿನ ಗಾಳಿ ಹೋಗುವುದಿಲ್ಲ, ಪೆಡಲು ಮೆತ್ತಗೇ ಇರುತ್ತದೆ. ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರ್ ಬದಲಿಸಿ ದುಡ್ಡು ಕಳೆಯುವ ಮೊದಲು ಒಮ್ಮೆ ಬಗ್ಗಿ ನಿಪ್ಪಲ್ಲು ಎಲ್ಲಿದೆ ನೋಡಿ. ಪ್ಯಾಡನ್ನು ಹಿಂದುಮುಂದಾಗಿ ಹಾಕಿ, ಉಕ್ಕಿನ ತಗಡು ಡಿಸ್ಕಿಗೆ ತಾಗುವಂತೆ ಮಾಡಿದ ಪ್ರಕರಣಗಳೂ ಸಿಗುತ್ತವೆ. ಡಿಸ್ಕಿನ ಒಂದು ಮೈ ನುಣುಪಾಗಿ ಇನ್ನೊಂದು ಮೈ ಆಳವಾಗಿ ಕೊರೆದಿದ್ದರೆ ಇದೇ ಕಾರಣವಿರಬಹುದು.

ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಅದರ ಡಬ್ಬಿಗೆ ಇಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಸುರಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬುತ್ತವೆ. ಮುಚ್ಚಳ ತೆಗೆದು ಒಳಗಿನ ರಬ್ಬರು ನೋಡಿ. ಅದು ಉಬ್ಬಿ ಜಾಗಕ್ಕೆ ಕೂರದಂತಾಗಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ಚಕ್ರದವರೆಗೆ ಪ್ರತಿ ಸೀಲನ್ನೂ, ಹೋಸನ್ನೂ ಬದಲಿಸಬೇಕು. ದ್ರವ ತೆಗೆದು ಹೊಸದು ಹಾಕಿದರೆ ಸಾಲದು.

ಅಲಾಯ್ ಚಕ್ರ ಹಾಕಿದ ಕಾರಿನಲ್ಲಿ ಚಕ್ರದ ನಟ್ಟು ಬಿಚ್ಚಿ ನೋಡಿ. ನಟ್ಟಿನ ಮುಖ ಶಂಕುವಿನಂತೆ ಓರೆಯಾಗಿದ್ದರೆ ಚಕ್ರದ ತೂತೂ ಓರೆಯಾಗಿರಬೇಕು, ಚಪ್ಪಟೆಯಾದರೆ ಚಪ್ಪಟೆ. ಹೊಂದದ ನಟ್ಟು ಅಂಚಿನಲ್ಲಷ್ಟೇ ಹಿಡಿದಿರುತ್ತದೆ, ಓಡುತ್ತ ಸಡಿಲವಾಗುತ್ತದೆ. ಸಣ್ಣ ಕಾರುಗಳಿಗೆ ಬಿಗಿತ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ಗಾಳಿ ಗನ್ನಿನಲ್ಲಿ ಮನಬಂದಂತೆ ಬಿಗಿದರೆ ಬೋಲ್ಟಿನ ಮರೆ (ತಿರುಪಿನ ಗೆರೆ) ಹಿಗ್ಗುತ್ತದೆ, ಪಂಕ್ಚರ್ ಆದ ದಿನ ಕಾರಿನ ಸ್ಪ್ಯಾನರಿಗೆ ನಟ್ಟು ಬಗ್ಗುವುದಿಲ್ಲ.

## ಇಂಜಿನ್: ಬಿಸಿಯಾಗುತ್ತೆ ಎಂದು ತೆಗೆದೆಸೆದ ಥರ್ಮೊಸ್ಟ್ಯಾಟು

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇಂಜಿನ್ ಕಾಯುತ್ತದೆ ಎಂದರೆ ಮೊದಲು ಹೋಗುವುದು ಥರ್ಮೊಸ್ಟ್ಯಾಟು. ಅದು ಇಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ಸುಮಾರು 82ರಿಂದ 88 ಡಿಗ್ರಿವರೆಗೆ ಮುಚ್ಚಿದ್ದು ಇಂಜಿನ್ ಬೇಗ ಬಿಸಿಯಾಗಲು ಬಿಡುತ್ತದೆ, ಆಮೇಲೆ ತೆರೆದುಕೊಳ್ಳುತ್ತದೆ. ಅದನ್ನು ತೆಗೆದರೆ ಬಿಸಿ ತೋರಿಸುವ ಮುಳ್ಳು ಕೆಳಗಿಳಿಯುತ್ತದೆ, ಮಾಲೀಕರಿಗೆ ಸಮಾಧಾನವಾಗುತ್ತದೆ. ಆದರೆ ಹೆದ್ದಾರಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜು ಇಳಿಯುತ್ತದೆ, ಉರಿಯದ ಪೆಟ್ರೋಲು ಆಯಿಲಿಗೆ ಬೆರೆತು ಅದನ್ನು ತೆಳುಮಾಡುತ್ತದೆ. ಕಾಯಲು ನಿಜವಾದ ಕಾರಣ ಕಟ್ಟಿದ ರೇಡಿಯೇಟರೋ, ನಿಂತ ಫ್ಯಾನೋ, ಸುಟ್ಟ ಹೆಡ್ ಗ್ಯಾಸ್ಕೆಟ್ಟೋ ಹಾಗೇ ಉಳಿದಿರುತ್ತದೆ.

ಪತ್ತೆ ಹಚ್ಚಲು ಉಪಕರಣ ಬೇಡ. ರಾತ್ರಿಯಿಡೀ ನಿಂತ ಕಾರನ್ನು ಶುರುಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು ರೇಡಿಯೇಟರಿನ ಮೇಲಿನ ಹೋಸನ್ನು ಮುಟ್ಟಿ. ಬಹುತೇಕ ಕಾರುಗಳಲ್ಲಿ ಅದು ಐದಾರು ನಿಮಿಷ ತಣ್ಣಗಿದ್ದು, ಆಮೇಲೆ ಥಟ್ಟನೆ ಬಿಸಿಯಾಗಬೇಕು. ಮೊದಲ ನಿಮಿಷದಿಂದಲೇ ನಿಧಾನ ಬೆಚ್ಚಗಾಗುತ್ತಾ ಹೋದರೆ ಥರ್ಮೊಸ್ಟ್ಯಾಟು ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಇಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟಿನ ಜಾಗದಲ್ಲಿ ಕಂದು ಬಣ್ಣದ ನಲ್ಲಿ ನೀರಿದ್ದರೆ ಒಳಗಿನ ಅಲ್ಯೂಮಿನಿಯಂ ತಿನ್ನಲು ಶುರುವಾಗಿದೆ.

ಸಿಲಿಕಾನ್ ಅಂಟು ಇನ್ನೊಂದು ಪಿಡುಗು. ಗ್ಯಾಸ್ಕೆಟ್ಟಿನ ಬದಲು ಹಾಕುವ ಈ ಅಂಟಿಗೆ ಮೂರು ಮಿಲಿಮೀಟರಿನ ಎಳೆ ಸಾಕು. ಧಾರಾಳವಾಗಿ ಹಚ್ಚಿದರೆ ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿರುತ್ತದೆ. ಒಳಗಿನ ಎಳೆ ಕಿತ್ತು ಆಯಿಲ್ ಜಾಲರಿಗೆ ಸಿಕ್ಕಿದರೆ ಇಂಜಿನ್ನಿಗೆ ಆಯಿಲ್ ಸಿಗುವುದಿಲ್ಲ. ಆಯಿಲ್ ಬಸಿಯುವ ತಳದ ಬೋಲ್ಟಿನ ಸುತ್ತ ಈ ಅಂಟು ಕಂಡರೆ ಮರೆ ಹರಿದಿದೆ ಎಂದು ತಿಳಿಯಿರಿ.

ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದಾಗ ದೋಷದ ಕೋಡು ಒಂದೂ ಇಲ್ಲ ಎಂದರೆ ಸಂತೋಷಪಡುವ ಮೊದಲು, ಕೋಡು ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರು ಓಡಿದೆ ಎಂಬ ಸಾಲು ನೋಡಿ. ನಾಲ್ಕೈದು ಕಿಲೋಮೀಟರು ಎಂದಿದ್ದರೆ ಆ ದಿನ ಬೆಳಗ್ಗೆ ಅಳಿಸಿದ್ದಾರೆ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಮಾನಿಟರುಗಳೂ ಅಪೂರ್ಣ ಎಂದು ತೋರಿಸುತ್ತವೆ. ಮತ್ತೆ ಪೂರ್ಣವಾಗಲು ಕೆಲವು ದಿನಗಳ ಓಡಾಟ ಬೇಕು.

## ವೈರಿಂಗ್

ಕಾರ್ಖಾನೆಯ ವೈರಿಂಗಿನಲ್ಲಿ ಕಾಣುವ ಜಾಗದಲ್ಲಿ ಜಾಯಿಂಟುಗಳು ಇರುವುದೇ ಇಲ್ಲ. ತಿರುಚಿ ಟೇಪು ಸುತ್ತಿದ್ದೆಲ್ಲ ಆಮೇಲಿನದು. ಹೆಡ್‌ಲೈಟಿನ ಮೂಲ ಎಚ್4 ಬಲ್ಬು 60/55 ವ್ಯಾಟಿನದು, ಸುಮಾರು 5 ಆಂಪಿಯರ್ ಎಳೆಯುತ್ತದೆ. ಅದೇ ವೈರಿಗೆ 100/90 ವ್ಯಾಟಿನದು ಹಾಕಿದರೆ 8 ದಾಟುತ್ತದೆ, ಹೋಲ್ಡರ್ ಕರಗುತ್ತದೆ. ಫ್ಯೂಸ್ ಪದೇ ಪದೇ ಹೋದಾಗ 10ರ ಜಾಗಕ್ಕೆ 30 ಹಾಕಿದ್ದರೆ, ಮುಂದಿನ ಸಲ ಸುಡುವುದು ವೈರು. ಡಬ್ಬಿಯ ಮುಚ್ಚಳದ ನಕ್ಷೆ ಹಿಡಿದು ಒಂದೊಂದನ್ನೂ ಹೋಲಿಸಲು ಐದು ನಿಮಿಷ ಸಾಕು. ಯೆಲ್ಲೋ ಬೋರ್ಡಿನಿಂದ ಬದಲಾದ ಕಾರಾಗಿದ್ದರೆ ವೇಗ ನಿಯಂತ್ರಕ ಕಿತ್ತ ಜಾಗ ನೋಡಲೇಬೇಕು. ಆಕ್ಸಿಲರೇಟರ್ ಪೆಡಲಿನ ವೈರನ್ನು ಕತ್ತರಿಸಿ ಜೋಡಿಸಿದ್ದರೆ ಆ ಜಾಯಿಂಟು ಒಂದು ದಿನ ಕೈಕೊಡುತ್ತದೆ.

## ನೀರು ಕುಡಿದ ಕಾರು

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ನೆಲಮಾಳಿಗೆಗಳಲ್ಲಿ ನಿಂತ ಕಾರುಗಳು ಮುಳುಗಿದ್ದು ನೆನಪಿರಬಹುದು. ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇಕಡ 75 ದಾಟಿದರೆ ವಿಮಾ ಕಂಪನಿ ಪೂರ್ಣ ನಷ್ಟವೆಂದು ಲೆಕ್ಕ ಹಾಕಿ ಕಾರನ್ನು ಹರಾಜಿಗೆ ಬಿಡುತ್ತದೆ. ಅಂಥ ಕಾರುಗಳು ತೊಳೆದು ಒಣಗಿಸಿಕೊಂಡು ಬೇರೆ ಊರಿಗೆ ಮಾರಾಟಕ್ಕೆ ಬರುತ್ತವೆ.

ಸೀಟು, ಕಾರ್ಪೆಟ್ಟು ತೊಳೆಯಬಹುದು. ತೊಳೆಯಲು ಆಗದ ಜಾಗಗಳನ್ನು ನೋಡಬೇಕು. ಸೀಟಿನ ಹಳಿಯ ಬೋಲ್ಟಿನ ತುಕ್ಕು, ಡ್ಯಾಷ್‌ಬೋರ್ಡಿನಡಿ ಬ್ರಾಕೆಟ್ಟಿನ ಮೇಲೆ ಕೂತ ಸಣ್ಣ ಕೆಸರು, ಕನೆಕ್ಟರಿನ ಪಿನ್ನುಗಳ ಹಸಿರು ಕಿಲುಬು, ಪೂರ್ತಿ ಎಳೆದ ಬೆಲ್ಟಿನ ಮೇಲಿನ ನೀರಿನ ಗೆರೆ ಇವು ಸುಳ್ಳು ಹೇಳುವುದಿಲ್ಲ.

ನೀರಿನಲ್ಲಿ ಇಂಜಿನ್ ಶುರುಮಾಡಲು ಹೋಗಿದ್ದರೆ ಹಾನಿ ಇನ್ನೂ ಒಳಗಿದೆ. ನೀರನ್ನು ಒತ್ತಿ ಕುಗ್ಗಿಸಲಾಗದು, ಹಾಗಾಗಿ ಪಿಸ್ಟನ್ನಿನ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಸ್ವಲ್ಪ ಬಗ್ಗಿದ ರಾಡಿನಲ್ಲಿ ಇಂಜಿನ್ ಓಡುತ್ತದೆ, ತಿಂಗಳುಗಳ ನಂತರ ಮುರಿದು ಬ್ಲಾಕನ್ನೇ ಒಡೆಯುತ್ತದೆ. ಕಂಪ್ರೆಷನ್ ಗೇಜಿನಲ್ಲಿ ಮೂರು ಸಿಲಿಂಡರು 13 ಬಾರ್ ತೋರಿಸಿ ಒಂದು 11 ತೋರಿಸಿದರೆ, ಅದರಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬರುತ್ತಿಲ್ಲದಿರಬಹುದು. ಕವಾಟದ ಸೋರಿಕೆಯೂ ಕಾರಣವಾಗಿರಬಹುದು. ಎರಡರಲ್ಲಿ ಯಾವುದಾದರೂ ಇಂಜಿನ್ ಬಿಚ್ಚುವ ಕೆಲಸ.

ಕರಾವಳಿಯಲ್ಲಿ ಬೇರೊಂದು ತೊಂದರೆ, ಅದೂ ಒಳ್ಳೆಯ ಉದ್ದೇಶದಿಂದಲೇ ಆದದ್ದು. ತುಕ್ಕು ಬಾರದಿರಲೆಂದು ಅಡಿಗೆ ಕಪ್ಪು ರಬ್ಬರಿನ ಲೇಪ ಹೊಡೆಸುವಾಗ ಬಾಗಿಲ ಅಡಿಯ, ಹೊಸ್ತಿಲಿನ ನೀರು ಬಸಿಯುವ ತೂತುಗಳ ಮೇಲೂ ಹೊಡೆದು ಅವನ್ನು ಕಟ್ಟಿಬಿಡುತ್ತಾರೆ. ಮಳೆನೀರು ಒಳಗೇ ನಿಂತು ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮೇಲಿನ ಲೇಪ ಮಾತ್ರ ನೋಡಲು ಚೆನ್ನಾಗಿರುತ್ತದೆ. ಬಾಗಿಲ ಕೆಳಅಂಚಿನಲ್ಲಿ ಬೆರಳಾಡಿಸಿ ತೂತುಗಳು ತೆರೆದಿವೆಯೇ ನೋಡಿ, ಮುಚ್ಚಿದ್ದರೆ ಒಂದು ಕಡ್ಡಿಯಿಂದ ಬಿಡಿಸಬಹುದು.

## ಹಣ ಕೊಡುವ ಮೊದಲು ಎರಡು ಕಾಗದ

ವಿಮೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಕ್ಲೇಮು ಮಾಡದ ವರ್ಷಗಳಿಗೆ ಅದು 20, 25, 35, 45, 50 ಶೇಕಡ ಹೀಗೆ ಏರುತ್ತದೆ, ಒಂದು ಕ್ಲೇಮು ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಐದು ವರ್ಷ ಒಬ್ಬರೇ ಓಡಿಸಿದ ಕಾರಿನ ಪಾಲಿಸಿಯಲ್ಲಿ ಸೊನ್ನೆ ಇದ್ದರೆ ಹಿಂದಿನ ವರ್ಷ ಏನೋ ಆಗಿದೆ. ಬೋನಸ್ಸು ಸೇರುವುದು ಮಾಲೀಕರಿಗೆ, ಕಾರಿಗಲ್ಲ. ಆದ್ದರಿಂದ ಇತ್ತೀಚೆಗೆ ಕೈ ಬದಲಾದ ಕಾರಿಗೆ ಈ ಲೆಕ್ಕ ಹೊಂದುವುದಿಲ್ಲ.

ಇನ್ನೊಂದು ಕಾಗದವನ್ನು ನೀವೇ ಮಾಡಿಸಬೇಕು: ಕಂಪ್ಯೂಟರ್ ವೀಲ್ ಅಲೈನ್‌ಮೆಂಟಿನ ಪ್ರಿಂಟು, ಯಾವ ತಿದ್ದುಪಡಿಯನ್ನೂ ಮಾಡುವ ಮೊದಲಿನದು. ಟೋ ಅಂಕಿ (ಚಕ್ರಗಳು ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿವೆ ಎಂಬುದು) ತಪ್ಪಿದ್ದರೆ ಚಿಂತೆಯಿಲ್ಲ, ಅದನ್ನು ಅಲ್ಲೇ ಸರಿಮಾಡುತ್ತಾರೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಮತ್ತು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಬಹಳಷ್ಟು ಸಣ್ಣ ಕಾರುಗಳಲ್ಲಿ ಹೊಂದಿಸುವ ವ್ಯವಸ್ಥೆಯೇ ಇಲ್ಲದ ಕೋನಗಳು. ಮುಂದಿನ ಎರಡು ಚಕ್ರಗಳ ನಡುವೆ ಅವು ಒಂದು ಡಿಗ್ರಿಗಿಂತ ಹೆಚ್ಚು ಬೇರೆಯಾಗಿದ್ದರೆ ಸ್ಟ್ರಟ್ (ಚಕ್ರದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಭಾಗ), ಕೆಳಗಿನ ತೋಳು ಅಥವಾ ಅವು ಕೂತಿರುವ ಚೌಕಟ್ಟು ಬಗ್ಗಿದೆ. ಎರಡೂ ಬದಿ ಸಮನಾಗಿದ್ದರೂ ಚಕ್ರ ಬಿಚ್ಚಿಸಿ ಸ್ಟ್ರಟ್ಟಿನ ಕೆಳಗಿನ ಬೋಲ್ಟಿನ ತೂತು ನೋಡಿಸಿ. ದುಂಡಗಿರಬೇಕಾದ ತೂತನ್ನು ಅರದಿಂದ ಉದ್ದಕ್ಕೆ ರಾವಿ ಅಂಕಿ ಸರಿಬರಿಸಿದ್ದರೆ, ಬಗ್ಗಿದ ಭಾಗ ಇನ್ನೂ ಕಾರಿನಲ್ಲೇ ಇದೆ.